ಕಲ್ಲಿನ ಜಾಗದಲ್ಲಿ ಉಕ್ಕು

ಕಲ್ಲಿಗೆ ಗ್ಯಾಸ್ ಕುಡಿಸುವುದು ನನ್ನ ಕೆಲಸವಾಗಿತ್ತು. ಈಗ ಬಿಟ್ಟಿದ್ದೇನೆ. ನಿವೃತ್ತಿ ಎನ್ನುವ ವಯಸ್ಸು ನನ್ನದಲ್ಲ. ಆದರೂ ಲ್ಯಾಬಿನ ಕೀ ಹಿಂದಿರುಗಿಸಿ, ಬಿಳಿ ಕೋಟನ್ನು ಒಗೆದು ಮಡಿಸಿ ಕೊಟ್ಟು ಬಂದ ದಿನ ಅದಕ್ಕೆ ಬೇರೆ ಹೆಸರು ತೋಚಲಿಲ್ಲ. ಬಿಟ್ಟ ಕಾರಣ ಸ್ವಂತದ್ದು, ಈ ಬರಹಕ್ಕೆ ಬೇಕಿಲ್ಲ.

ಈ ಕೆಲಸಕ್ಕೆ ಬರಬೇಕೆಂದು ಯೋಚಿಸುವ ಹುಡುಗ ಹುಡುಗಿಯರು ಈಚೆಗೆ ಹೆಚ್ಚಾಗಿದ್ದಾರೆ. ಕಾರ್ಖಾನೆಗಳ ಚಿಮಣಿಯಿಂದ ಹೊರಗೆ ಹೋಗುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದು, ಒತ್ತಿ, ನೆಲದಾಳದ ಕಲ್ಲಿನ ಪದರಕ್ಕೆ ಕಳಿಸಿ, ಅಲ್ಲಿಯೇ ಉಳಿಯುವಂತೆ ಮಾಡುವ ವಿದ್ಯೆ ಇದು. ಪಿಎಚ್‌ಡಿಗೆ ಜಾಗ ಖಾಲಿ ಇದೆ ಎಂಬ ಪ್ರಕಟಣೆಗಳು ಇಲ್ಲಿಯೂ ಬರುತ್ತವೆ, ಹೊರದೇಶಗಳಿಂದಲೂ ಬರುತ್ತವೆ. ಅವುಗಳ ಮೊದಲ ಸಾಲಿನಲ್ಲಿ ಭೂಮಿಯ ಭವಿಷ್ಯ ಇರುತ್ತದೆ, ಎರಡನೆಯದರಲ್ಲಿ ಕಂಪ್ಯೂಟರ್ ಮಾದರಿಗಳು. ನಟ್ಟು, ವಾಶರು, ರಬ್ಬರು ಯಾವ ಸಾಲಿನಲ್ಲಿಯೂ ಇರುವುದಿಲ್ಲ. ನನ್ನ ದಿನಗಳ ಬಹುಪಾಲು ಕಳೆದದ್ದು ಅವುಗಳ ಜೊತೆ. ಹಾಗಾಗಿ ಅವುಗಳ ವಿಷಯವನ್ನೇ ಬರೆಯುತ್ತೇನೆ.

ನಮ್ಮ ಮನೆ ವಿಜಯನಗರದಲ್ಲಿ. ಕ್ಯಾಂಪಸ್ಸು ಕೆಂಗೇರಿ ದಾಟಿದ ಮೇಲೆ. ಎಂ.ಎಸ್ಸಿ. ಮುಗಿಸಿ, ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗೆ ಸಂದರ್ಶನಕ್ಕೆ ಹೋದಾಗ ನನ್ನ ಮುಂದೆ ಕೂತಿದ್ದವರು ಪ್ರೊಫೆಸರ್ ಅಂಗಡಿ. ಅವರು ವಿಜಯಪುರದ ಕಡೆಯವರು. ಬಸವೇಶ್ವರನಗರದಲ್ಲಿ ಮನೆ ಮಾಡಿ ಎಷ್ಟೋ ಕಾಲವಾಗಿದ್ದರೂ ಮಾತು ಊರಿನದೇ. ಮೇಜಿನ ಮೇಲೆ ಒಂದು ಕಪ್ಪು ಕಲ್ಲಿಟ್ಟು ಕೇಳಿದರು.

"ಇದೇನು ಹೇಳವಾ."

"ಬಸಾಲ್ಟ್, ಸರ್."

"ಅದು ಪುಸ್ತಕದಾಗಿನ ಹೆಸರು. ನಮ್ಮೂರಾಗ ಕರಿಕಲ್ಲು ಅಂತೀವಿ. ಮನಿ ಗ್ವಾಡಿನೂ ಇದ, ಹೊಲದ ಒಡ್ಡೂ ಇದ. ಇದು ಗ್ಯಾಸ್ ನುಂಗಿ, ಕಡೀಕ ಆ ಗ್ಯಾಸನ್ನೂ ಕಲ್ಲು ಮಾಡತೈತಿ. ನಂಬ್ತೀಯೇನು?"

"ಓದಿದ್ದೀನಿ ಸರ್. ನೋಡಿಲ್ಲ."

"ನೋಡು ಹಂಗಾದ್ರ," ಎಂದರು. ಕೆಲಸ ಸಿಕ್ಕಿತು. ಊರಿನ ಕಲ್ಲಿನ ಮೇಲೆ ಅವರಿಗಿದ್ದ ಅಭಿಮಾನ ಎಷ್ಟೆಂದು ನನಗೆ ಆ ದಿನ ಪೂರ್ತಿ ತಿಳಿಯಲಿಲ್ಲ.

ಲ್ಯಾಬಿನಲ್ಲಿ ಆಗಲೇ ಒಬ್ಬ ಹಿರಿಯ ಸಂಶೋಧಕನಿದ್ದ. ಹೆಸರು ಮಂಜುನಾಥ. ಹಳೇ ಕೆಂಗೇರಿ ಊರಿನ ಬೇಸಾಯದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ನಿಂತಿವೆ. ಮಂಜು ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಅವರವರ ಬಡಾವಣೆಯಿಂದ ಕರೆಯುತ್ತಿದ್ದ. ಮೊದಲ ದಿನವೇ ನಾನು 'ವಿಜಯನಗರ' ಆದೆ. ಬೆನ್ನ ಹಿಂದೆ ಅಂಗಡಿ ಸರ್ 'ಬಸವೇಶ್ವರನಗರ'.

"ಏನ್ ವಿಜಯನಗರ, ಕಾಫಿ ಆಯ್ತಾ? ಬಾ, ನಿಂಗೆ ಮಿಷನ್ ಪರಿಚಯ ಮಾಡ್ಸ್ತೀನಿ. ಕೋಪ ಜಾಸ್ತಿ ಇದಕ್ಕೆ, ಹುಷಾರು ಕಣೇ."

ಆ ಯಂತ್ರವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆಳದ ಕಲ್ಲನ್ನು ಕೊರೆದು ತೆಗೆದ ಕಂಬದಂಥ ತುಂಡನ್ನು ಕೋರ್ ಎನ್ನುತ್ತಾರೆ. ಗಾತ್ರದಲ್ಲಿ ಒಂದು ಸಣ್ಣ ಲೋಟದಷ್ಟು. ಅದಕ್ಕೆ ಬಿಗಿಯಾದ ರಬ್ಬರ್ ಕವಚ ತೊಡಿಸಿ, ದಪ್ಪ ಉಕ್ಕಿನ ಕೊಳವೆಯೊಳಗೆ ಕೂರಿಸುತ್ತೇವೆ. ಕವಚದ ಸುತ್ತ ಎಣ್ಣೆ ತುಂಬಿ ಒತ್ತುತ್ತೇವೆ. ನೆಲದಾಳದಲ್ಲಿ ಕಲ್ಲಿನ ಮೇಲೆ ಬೀಳುವ ಭಾರಕ್ಕೆ ಅದು ಬದಲಿ. ಆಮೇಲೆ ಒಂದು ತುದಿಯಿಂದ ಪಂಪು ಗ್ಯಾಸನ್ನು ಒಳಗೆ ತಳ್ಳುತ್ತದೆ. ಕಲ್ಲು ಗ್ಯಾಸನ್ನು ಹೀರಿಕೊಂಡಂತೆ ಒತ್ತಡ ಇಳಿಯುತ್ತದೆ, ಅದನ್ನು ಸರಿದೂಗಿಸಲು ಪಂಪು ಇನ್ನಷ್ಟು ತಳ್ಳುತ್ತದೆ. ಪಂಪು ಎಷ್ಟು ತಳ್ಳಿತೋ ಕಲ್ಲು ಅಷ್ಟು ಕುಡಿಯಿತು ಎಂದು ಲೆಕ್ಕ. ಎಲ್ಲಾದರೂ ಸೋರುತ್ತಿದೆಯೇ ಎಂದು ತಿಳಿಯಲು ಪ್ರಯೋಗಕ್ಕೆ ಮೊದಲು ನೈಟ್ರೋಜನ್ ತುಂಬಿ ನೋಡುತ್ತಿದ್ದೆವು. ಅದು ಅಗ್ಗ, ಯಾವ ಅಪಾಯವೂ ಇಲ್ಲ. ನೈಟ್ರೋಜನ್ ತುಂಬಿದಾಗ ಪಂಪು ಅಲುಗದೆ ನಿಲ್ಲುತ್ತಿತ್ತು. ಸೋರಿಕೆ ಇಲ್ಲ ಎಂದು ಎಲ್ಲರಿಗೂ ಸಮಾಧಾನ.

ಒತ್ತಡ ಇಳಿಸುವುದಕ್ಕೂ ಒಂದು ನಿಯಮವಿತ್ತು. ನಾನು ಬರುವ ಮೊದಲು ಯಾರೋ ಅವಸರದಲ್ಲಿ ವಾಲ್ವ್ ತೆರೆದು ಒಂದು ಕೋರ್ ಬಿರುಕು ಬಿಟ್ಟಿತ್ತಂತೆ. ಅಂದಿನಿಂದ ಅಂಗಡಿ ಸರ್ ಕಟ್ಟುನಿಟ್ಟು ಮಾಡಿದ್ದರು. ವಾಲ್ವನ್ನು ಕೂದಲೆಳೆಯಷ್ಟು ತೆರೆದು ಇಡೀ ದಿನ ಹಾಗೆಯೇ ಬಿಡಬೇಕು. "ಮಕ್ಕಳನ್ನ ಎಬ್ಬಿಸಿದಂಗ ಎಬ್ಬಿಸ್ರಿ," ಎನ್ನುತ್ತಿದ್ದರು. ಒಳ್ಳೆಯ ನಿಯಮವೇ. ಅದು ಕಲ್ಲನ್ನು ಕಾಪಾಡಿತು, ಜೊತೆಗೆ ಇನ್ನೊಂದು ವಿಷಯವನ್ನು ನಮ್ಮ ಕಣ್ಣಿಗೆ ಬೀಳದಂತೆ ಮಾಡಿತು.

ಮಂಜುವಿನ ಸಂಶೋಧನೆ ಮುಗಿಯುವ ಹಂತದಲ್ಲಿತ್ತು. ಈ ಕರಿಕಲ್ಲು ಎಲ್ಲರೂ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಗ್ಯಾಸ್ ಕುಡಿಯುತ್ತದೆ ಎಂಬುದು ಅವನ ಥೀಸಿಸ್ಸಿನ ತಿರುಳು. ಅದರ ಮೇಲೆಯೇ ಪ್ರಾಜೆಕ್ಟಿನ ಎರಡನೆಯ ಹಂತದ ಅರ್ಜಿ ಹೋಗಿತ್ತು. ಅದರಲ್ಲಿ ಎರಡು ಪಿಎಚ್‌ಡಿ ಸೀಟುಗಳಿದ್ದವು, ಒಂದು ನನಗೆ ಎಂದು ಸರ್ ಹೇಳಿದ್ದರು.

ಆ ಥೀಸಿಸ್ಸಿನ ಮೇಲೆ ಇನ್ನೊಂದು ಸಂಗತಿಯೂ ನಿಂತಿತ್ತು. ನಂದಿನಿ ಲೇಔಟಿನ ಒಂದು ಮನೆಯ ಹುಡುಗಿಯ ಜೊತೆ ಮಂಜುವಿಗೆ ನಿಶ್ಚಿತಾರ್ಥವಾಗಿತ್ತು. ಹುಡುಗಿ ಶ್ವೇತಾ, ಬ್ಯಾಂಕಿನಲ್ಲಿ ಕೆಲಸ. ಅವಳ ತಂದೆ ಬಂಧುಗಳಿಗೆಲ್ಲ ಅಳಿಯ ಡಾಕ್ಟರ್ ಎಂದೇ ಹೇಳಿದ್ದರು. ಪದವಿ ಬಂದ ಮೇಲೆ ಮದುವೆ ಎಂದು ಮಾತಾಗಿ, ವೈಶಾಖದ ಮುಹೂರ್ತಕ್ಕೆ ಕಲ್ಯಾಣ ಮಂಟಪ ಗೊತ್ತು ಮಾಡಿದ್ದರು. ಅಷ್ಟರೊಳಗೆ ಮಂಜು ವಿಭಾಗದ ಎಲ್ಲರೆದುರು ಕೆಲಸ ಮಂಡಿಸುವ ಕೊಲೊಕ್ವಿಯಂ ಮುಗಿಸಿ ಥೀಸಿಸ್ ಒಪ್ಪಿಸಬೇಕು, ವೈವಾ ಎಂಬ ಮೌಖಿಕ ಪರೀಕ್ಷೆ ಮುಗಿಯಬೇಕು.

ಮಂಜುವಿನ ತಂದೆಯ ತಲೆಗೆ ಇದೊಂದೂ ಹೋಗುತ್ತಿರಲಿಲ್ಲ. ಊರಿನವರೆಲ್ಲ ಅವರನ್ನು ಗೌಡ್ರು ಎನ್ನುತ್ತಿದ್ದರು. ಒಮ್ಮೆ ಮಗನಿಗೆ ಮುದ್ದೆ ಊಟದ ಡಬ್ಬಿ ತಂದವರು ಯಂತ್ರದ ಮುಂದೆ ನಿಂತರು.

"ಏನ್ಲಾ ಮಾಡೋದು ಇದ್ರಾಗೆ?"

"ಗ್ಯಾಸನ್ನ ಕಲ್ಲೊಳಗೆ ತುಂಬೋದಪ್ಪಾ."

"ನೆಲದಿಂದ ಮೇಲಕ್ಕೆ ತೆಗೆಯೋದಕ್ಕೆ ನಾವು ಎಷ್ಟು ಬೋರ್ ಕೊರ್ಸಿದ್ವಿ. ಒಂದಾದ್ರೂ ನೆಟ್ಗೆ ನೀರ್ ಬಂತಾ? ನೀನ್ ನೋಡಿದ್ರೆ ಮೇಲಿಂದ ಕೆಳಕ್ಕೆ ತುಂಬ್ತೀಯ." ನನ್ನ ಕಡೆ ತಿರುಗಿ, "ನೀನೂ ಇದೇನಾ ಓದೋದು ತಾಯಿ?" ಎಂದರು. ಹೌದು ಎಂದೆ. "ಒಳ್ಳೇದಾಗ್ಲಿ," ಎಂದು ಡಬ್ಬಿಯ ಮುಚ್ಚಳ ತೆಗೆದರು.

ಎಲ್ಲವೂ ಬದಲಾದದ್ದು ಆಯುಧಪೂಜೆಯ ದಿನ.

ಬೆಂಗಳೂರಿನ ಲ್ಯಾಬುಗಳಲ್ಲಿ ಆಯುಧಪೂಜೆ ತಪ್ಪುವುದಿಲ್ಲ. ರಜೆಗೆ ಮೊದಲೇ ಕ್ಯಾಂಪಸ್ಸಿನಲ್ಲಿ ಎಲ್ಲರೂ ಯಂತ್ರಗಳನ್ನು ತೊಳೆದು ಒರೆಸಿ, ಕುಂಕುಮ ಹಚ್ಚಿ, ಹೂ ಇಡುತ್ತಾರೆ. ನಮ್ಮ ಯಂತ್ರಕ್ಕೆ ಪೂಜೆಯಾಗಬೇಕಾದರೆ ಅದರೊಳಗೆ ಒತ್ತಡ ಇರಬಾರದು. ಹಿಂದಿನ ದಿನವೇ ವಾಲ್ವ್ ತೆರೆದಿಡಬೇಕಾದವನು ಮಂಜು. ಆದರೆ ಆ ದಿನ ನಂದಿನಿ ಲೇಔಟಿನವರು ಅವನನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಪೂಜೆಯ ಬೆಳಿಗ್ಗೆ ನಾವು ಲ್ಯಾಬಿಗೆ ಬಂದಾಗ ಯಂತ್ರ ಪೂರಾ ಒತ್ತಡದಲ್ಲಿತ್ತು.

"ಅಯ್ಯೋ, ಬಸವೇಶ್ವರನಗರ ಹೊರಟಾಗಿದೆಯಂತೆ. ಬಾಳೆಕಂದು ಕಾರಲ್ಲಿಟ್ಕೊಂಡು ಬರ್ತಿದಾರೆ. ಕಿಟಕಿ ತೆಗಿ ವಿಜಯನಗರ, ಕಿವಿ ಮುಚ್ಕೋ."

ಕಿಟಕಿಯಾಚೆಗೆ ಪೈಪು ಹಾಕಿ ವಾಲ್ವ್ ತಿರುಗಿಸಿದ. ಭುಸ್ ಎಂದು ಗ್ಯಾಸ್ ಹೊರಟಿತು. ಪೈಪಿನ ತುದಿಗೆ ಬಿಳಿ ಹಿಮ ಕಟ್ಟಿತು, ಸಜ್ಜದ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಮಂಜು ಕೊಳವೆ ಬಿಚ್ಚಿ ಕೋರನ್ನೂ ರಬ್ಬರ್ ಕವಚವನ್ನೂ ಹೊರಗೆ ತೆಗೆದು, ಒರೆಸಿ, ಮೇಜಿನ ಮೇಲೆ ಹಳೇ ಪೇಪರು ಹಾಸಿ ಇಟ್ಟ. ಕಲ್ಲಿಗೆ ಏನೂ ಆಗಿರಲಿಲ್ಲ.

ಸರ್ ಬಂದರು. ಮಂಜುವಿನ ಅಮ್ಮ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ, ಬಾಳೆಹಣ್ಣು ಜೋಡಿಸಿ ಕಳಿಸಿದ್ದರು. ಒಂದು ಚೀಲ ಕಡ್ಲೆಪುರಿಯೂ ಇತ್ತು. ಸರ್ ಕರ್ಪೂರ ಹಚ್ಚಿದಾಗ ಎಲ್ಲಿಂದಲೋ ಚಟ್ ಚಟ್ ಎಂಬ ಸದ್ದು ಕೇಳತೊಡಗಿತು. ಕರ್ಪೂರದ್ದಲ್ಲ. ಮೇಜಿನ ಮೇಲಿದ್ದ ರಬ್ಬರ್ ಕವಚದ ಮೈಯೆಲ್ಲ ಗುಳ್ಳೆ ಎದ್ದಿತ್ತು. ನಮ್ಮ ಕಣ್ಣೆದುರೇ ಒಂದು ಗುಳ್ಳೆ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ನಿಧಾನವಾಗಿ ಉಬ್ಬಿತು.

"ಸಾರ್, ಮಿಷನ್ನೇ ಪ್ರಸಾದ ಮಾಡ್ತಾ ಇದೆ! ಬಿಸಿ ಬಿಸಿ ಪೂರಿ!" ಎಂದ ಮಂಜು.

ಎಲ್ಲರೂ ನಕ್ಕರು. ಸರ್ ಕೂಡ ಆರತಿ ಹಿಡಿದೇ ನಕ್ಕು, "ಹಳೇದಾಗಿತ್ತು ಬಿಡು, ಹೊಸಾದು ತರಸೋಣು," ಎಂದರು. ಪೂಜೆ ಮುಗಿಯಿತು, ಬೂದುಗುಂಬಳ ಒಡೆದಾಯಿತು, ಸರ್ ಬೇರೆ ಲ್ಯಾಬಿನ ಪೂಜೆಗೆ ಹೊರಟರು.

ರಬ್ಬರ್ ಉಬ್ಬಬೇಕಾದರೆ ಅದರೊಳಗೆ ಗ್ಯಾಸ್ ಇರಬೇಕು. ಒತ್ತಡವನ್ನು ದಿನವಿಡೀ ಇಳಿಸುವಾಗ ಅದು ಸದ್ದಿಲ್ಲದೆ ಹೊರಗೆ ಹೋಗುತ್ತಿದ್ದಿರಬೇಕು, ಈ ಸಲ ಒಳಗೇ ಸಿಕ್ಕಿಬಿದ್ದಿತ್ತು. ಆ ಗ್ಯಾಸ್ ಅಲ್ಲಿಗೆ ಹೇಗೆ ಹೋಯಿತು ಎಂಬುದು ನನ್ನ ತಲೆಯಲ್ಲಿ ಕೂತಿತು. ತಟ್ಟೆಯಲ್ಲಿದ್ದ ಸುಣ್ಣವನ್ನು ಒಂದು ಬೀಕರ್ ನೀರಿನಲ್ಲಿ ಕಲಸಿ, ತಿಳಿಯಾಗಲು ಬಿಟ್ಟೆ. ಮೇಲಿನ ತಿಳಿನೀರನ್ನು ಇನ್ನೊಂದು ಬೀಕರಿಗೆ ಬಸಿದುಕೊಂಡು, ಕವಚದ ಒಂದು ತುಂಡು ಕತ್ತರಿಸಿ ಅದರಲ್ಲಿ ಮುಳುಗಿಸಿದೆ. ಶಾಲೆಯಲ್ಲಿ ಎಲ್ಲರೂ ಮಾಡಿರುವ ಪ್ರಯೋಗ. ಕಾರ್ಬನ್ ಡೈಆಕ್ಸೈಡ್ ಸೇರಿದರೆ ಸುಣ್ಣದ ತಿಳಿ ಹಾಲಿನಂತೆ ಬೆಳ್ಳಗಾಗುತ್ತದೆ.

ಮಂಜು ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತ ಬಂದ. "ಏನ್ ವಿಜಯನಗರ, ಸುಣ್ಣ ಎಲೆಗೆ ಹಚ್ಕೊಳೋದು ಕಣೇ. ರಬ್ಬರ್‌ಗೆ ತಾಂಬೂಲ ಕೊಡ್ತಿದೀಯಾ?"

"ಒಳಗೇನಿದೆ ಅಂತ ನೋಡ್ತಿದೀನಿ."

ರಬ್ಬರಿನ ಮೈಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಸುತ್ತಲಿನ ನೀರು ಮೊದಲು ಮಸುಕಾಯಿತು, ಆಮೇಲೆ ಬಿಳಿಯಾಯಿತು. ಮಂಜು ಅಗಿಯುವುದನ್ನು ನಿಲ್ಲಿಸಿದ.

"ನೈಟ್ರೋಜನ್ ಹಾಕಿ ಲೀಕ್ ಚೆಕ್ ಮಾಡಿದೀವಲ್ಲೇ ಪ್ರತಿ ಸಲ," ಎಂದ.

"ನೈಟ್ರೋಜನ್ ರಬ್ಬರ್ ಒಳಗೆ ಅಷ್ಟಾಗಿ ಹೋಗಲ್ಲ ಮಂಜು. ಇದು ಹೋಗುತ್ತೆ. ಒತ್ತಡದಲ್ಲಿ ಇನ್ನೂ ಜಾಸ್ತಿ ಹೋಗುತ್ತೆ."

"ಸ್ವಲ್ಪ ಹೋಗಿರುತ್ತೆ ಬಿಡು."

"ಎಷ್ಟು ಅಂತ ಗೊತ್ತಿಲ್ಲ. ಪಂಪ್ ತಳ್ಳಿದ್ದೆಲ್ಲ ಕಲ್ಲು ಕುಡೀತು ಅಂತ ತಾನೇ ನಾವು ಲೆಕ್ಕ ಹಾಕಿರೋದು?"

"ಗೊತ್ತಿಲ್ಲ ಅಂದ್ಮೇಲೆ ಸುಮ್ನಿದ್ಬಿಡು ಕಣೇ." ಬೀಕರನ್ನು ಎತ್ತಿಕೊಂಡು ಸಿಂಕಿಗೆ ಸುರಿದು, ತೊಳೆದು, ಬೋರಲು ಹಾಕಿದ. ಕಡ್ಲೆಪುರಿಯ ಚೀಲಕ್ಕೆ ಗಂಟು ಹಾಕಿ ಮನೆಗೆ ಹೋದ.

ರಜೆ ಮುಗಿದು ಬಂದಾಗ, ಸರ್‌ಗೆ ಹೇಳುತ್ತೇನೆ ಎಂದು ಮಂಜುವಿಗೆ ಮೊದಲೇ ತಿಳಿಸಿದೆ. "ಹೇಳು. ಬೇಡ ಅನ್ನಲ್ಲ. ಆದ್ರೆ ನಾನು ಜೊತೇಲಿ ಬರಲ್ಲ," ಎಂದ.

ಅಂಗಡಿ ಸರ್ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ.

"ಈಗ ಬ್ಯಾಡವಾ. ಅವನ ಕೊಲೊಕ್ವಿಯಂ ಮುಗೀಲಿ. ಲಗ್ನ ಗೊತ್ತಾಗೇತಿ ಹುಡುಗಂದು. ರಬ್ಬರಿನ ಕತಿ ನಿನ್ನ ಥೀಸಿಸ್‌ನಾಗ ನೀನ ಮಾಡು. ಛಲೋ ಚಾಪ್ಟರ್ ಆಗತೈತಿ."

"ಅಷ್ಟರಲ್ಲಿ ಅವರ ಥೀಸಿಸ್ ಒಪ್ಪಿಸಿ ಆಗಿರುತ್ತಲ್ಲ ಸರ್?"

"ಆಗಿರತೈತಿ. ಮುಂದ ಬಂದವರು ಹಿಂದಿನವರನ್ನ ತಿದ್ದೋದ ಸಂಶೋಧನಾ. ಅದರಾಗ ತಪ್ಪೇನೈತಿ?"

ಈ ಕೆಲಸಕ್ಕೆ ಬರುವವರು ಈ ಮಾತನ್ನು ಗಮನಿಸಬೇಕು. ಇಂಥ ಮಾತು ಕೆಟ್ಟವರಿಂದ ಬರುವುದಿಲ್ಲ. ನಿಮ್ಮ ಹಿತವನ್ನೂ ಇನ್ನೊಬ್ಬರ ಹಿತವನ್ನೂ ಬಯಸುವವರಿಂದಲೇ ಬರುತ್ತದೆ, ಮತ್ತು ಅದರಲ್ಲಿ ಅರ್ಧ ನಿಜವೂ ಇರುತ್ತದೆ. ನಾನು ಒಪ್ಪಲೂ ಇಲ್ಲ, ಎದುರು ಹೇಳಲೂ ಇಲ್ಲ. "ಉಕ್ಕಿನ ಒಂದು ಕೋರ್ ಮಾಡಿಸ್ಲಾ ಸರ್?" ಎಂದು ಮಾತ್ರ ಕೇಳಿದೆ. "ಮಾಡಸು. ಕಪಾಟಿನ್ಯಾಗ ಇರಲಿ," ಎಂದರು.

ಉಕ್ಕಿನ ಕೋರ್ ಏಕೆಂದರೆ, ಉಕ್ಕಿನಲ್ಲಿ ರಂಧ್ರವಿಲ್ಲ, ಅದು ಗ್ಯಾಸ್ ಕುಡಿಯಲಾರದು. ಕಲ್ಲಿನ ಜಾಗದಲ್ಲಿ ಅದನ್ನಿಟ್ಟು ಅದೇ ಪ್ರಯೋಗ ಮಾಡಿದರೆ ಪಂಪು ಅಲುಗದೆ ನಿಲ್ಲಬೇಕು. ಪಂಪು ತಳ್ಳುತ್ತಲೇ ಹೋದರೆ, ಆ ಗ್ಯಾಸ್ ಕುಡಿಯುತ್ತಿರುವುದು ರಬ್ಬರು.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಇಟ್ಟುಕೊಂಡಿದ್ದ ಒಬ್ಬರ ಹತ್ತಿರ ಮಾಡಿಸಿದೆ. "ಒಳಗೆ ತೂತು ಬೇಡ್ವಾ ಮೇಡಂ?" ಎಂದು ಅವರು ಎರಡು ಸಲ ಕೇಳಿದರು. ಬೇಡ ಎಂದೆ. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಮೆಟ್ರೊ ನಿಲ್ದಾಣಕ್ಕೆ ಬಂದರೆ ತಪಾಸಣೆಯ ಯಂತ್ರದಲ್ಲಿ ಕಪ್ಪಗೆ, ಗುಂಡಗೆ, ಏನೋ ಅಪಾಯದ ವಸ್ತುವಿನಂತೆ ಕಂಡಿತು. ಕಾವಲಿನ ಹೆಂಗಸು ಬ್ಯಾಗು ತೆಗೆಸಿದರು.

"ಏನ್ ಮೇಡಂ ಇದು?"

"ಉಕ್ಕು. ಲ್ಯಾಬ್‌ದು."

"ಏನಕ್ಕೆ ಬರುತ್ತೆ?"

"ಕಲ್ಲಿನ ಬದಲು ಇಡೋಕೆ."

ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ ಪಕ್ಕದವರಿಗೆ ಹೇಳಿದರು: "ಕಲ್ಲಿಡೋ ಕಡೆ ಕಬ್ಣ ಇಡ್ತಾರಂತೆ ಕಣ್ರೀ. ಇಂಥದ್ದಕ್ಕೆಲ್ಲ ಓದ್ತಾರೆ ನೋಡಿ." ನನ್ನನ್ನು ಬಿಟ್ಟರು.

ಉಕ್ಕು ಕಪಾಟು ಸೇರಿತು. ಮಂಜು ಥೀಸಿಸ್ಸಿನ ಕೊನೆಯ ಅಧ್ಯಾಯ ಬರೆಯುತ್ತಿದ್ದ. ಲ್ಯಾಬಿನಲ್ಲಿ ಮಾತು ಕಡಿಮೆಯಾಯಿತು. ಅವನು ನನ್ನನ್ನು ವಿಜಯನಗರ ಎನ್ನುವುದನ್ನು ಬಿಟ್ಟು 'ಮೇಡಂ' ಎನ್ನತೊಡಗಿದ. "ಮೇಡಂ, ಆ ಸ್ಪ್ಯಾನರ್ ಕೊಡ್ತೀರಾ." ನಾನು ಕೊಡುತ್ತಿದ್ದೆ. ಕಪಾಟಿನ ಬಾಗಿಲನ್ನು ಇಬ್ಬರೂ ಆದಷ್ಟು ತೆರೆಯುತ್ತಿರಲಿಲ್ಲ.

ಕೊಲೊಕ್ವಿಯಂನ ನೋಟಿಸು ಹಾಕಿದ ವಾರದಲ್ಲಿ ಒಂದು ಬೆಳಿಗ್ಗೆ ನಾನು ಬಂದಾಗ ಮಂಜು ಆಗಲೇ ಯಂತ್ರದ ಮುಂದೆ ಕೂತಿದ್ದ. ಪಂಪು ಓಡುತ್ತಿತ್ತು. ಅವನ ಕರಿಕಲ್ಲು ಮೇಜಿನ ಮೇಲೆ ಹೊರಗಿತ್ತು.

"ಒಳಗೇನಿದೆ?" ಎಂದೆ.

"ನಿನ್ನ ಉಕ್ಕು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವನು ಪರದೆಯಿಂದ ಕಣ್ಣು ತೆಗೆಯದೆ ಮಾತಾಡಿದ.

"ನಿನ್ನೆ ನಂದಿನಿ ಲೇಔಟಲ್ಲಿ ಊಟ. ಅವರ ಕಡೆಯವರೆಲ್ಲ ಬಂದಿದ್ರು. ಮಾವನೋರು ಒಬ್ಬೊಬ್ರನ್ನೇ ಕರ್ದು ಹೇಳ್ತಾರೆ, 'ನಮ್ ಅಳಿಯಂದ್ರು ಕಂಡುಹಿಡಿದಿರೋದು, ಕಲ್ಲು ಗ್ಯಾಸ್ ಕುಡಿಯುತ್ತೆ, ಇಡೀ ಪ್ರಪಂಚಕ್ಕೆ ಉಪಯೋಗ' ಅಂತ. ನನ್ ಕಡೆ ನೋಡ್ತಾರೆ. ನಾನು ಹೌದು ಅಂತೀನಿ. ಇನ್ನೊಬ್ರನ್ನ ಕರೀತಾರೆ. ಮತ್ತೆ ಹೌದು ಅಂತೀನಿ. ಎಲೆ ಮೇಲೆ ಹೋಳಿಗೆ ಹಾಕ್ತಾರೆ ಕಣೇ. ನಂಗೆ ಆ ಪೂರಿ ಉಬ್ಬಿದ್ದೇ ಕಾಣ್ತಿದೆ."

"ಸರ್‌ಗೆ ಹೇಳಿದ್ರಾ?"

"ಪಂಪ್ ಏನ್ ಹೇಳುತ್ತೆ ಕೇಳಿ ಆಮೇಲೆ ಹೇಳಣ."

ಪಂಪು ನಿಲ್ಲಲಿಲ್ಲ. ಮೊದಲ ದಿನ ಬೇಗ ಬೇಗ ತಳ್ಳಿತು, ಆಮೇಲೆ ನಿಧಾನವಾಗಿ, ಆದರೆ ಬಿಡದೆ. ಮಂಜುವಿನ ಕಲ್ಲಿನ ಗೆರೆ ಗ್ರಾಫಿನಲ್ಲಿ ಹೇಗೆ ಏರಿತ್ತೋ ಉಕ್ಕಿನ ಗೆರೆಯೂ ಅದೇ ಚಂದದಲ್ಲಿ ಏರಿತು. ಎರಡರ ನಡುವೆ ಇದ್ದ ಅಂತರ ಬಹಳ ಸಣ್ಣದು. ಅಷ್ಟು ಸಣ್ಣ ಅಂತರವೇ ಕಲ್ಲು ನಿಜವಾಗಿ ಕುಡಿದದ್ದು. ಉಳಿದದ್ದೆಲ್ಲ ರಬ್ಬರಿನದು.

"ಉಕ್ಕಿಗೂ ಬಾಯಾರಿಕೆ ಆಗುತ್ತೆ ನೋಡು ವಿಜಯನಗರ," ಎಂದ ಮಂಜು. ನಗಲಿಲ್ಲ. ಆದರೆ ಹಳೆಯ ಹೆಸರು ನನಗೆ ವಾಪಸ್ಸು ಬಂದಿತ್ತು.

ಸರ್ ಬಂದು ಎರಡು ಗ್ರಾಫುಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು.

"ಹಂಗಾದ್ರ ನಮ್ಮ ಕಲ್ಲು ಅಷ್ಟು ಕುಡದಿಲ್ಲ."

"ಇಲ್ಲ ಸಾರ್," ಎಂದ ಮಂಜು.

"ಸ್ವಲ್ಪರೆ ಕುಡದೈತೇನು?"

"ಸ್ವಲ್ಪ ಕುಡ್ದಿದೆ ಸಾರ್."

"ಕೊಲೊಕ್ವಿಯಂ ಮುಂದ ಹಾಕಬೇಕಾಗತೈತಿ. ಲಗ್ನದೊಳಗ ಮುಗಿಯೂದಿಲ್ಲೋ ತಮ್ಮಾ."

"ಗೊತ್ತು ಸಾರ್."

ಸರ್ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಪ್ರಾಜೆಕ್ಟಿನ ಪರಿಶೀಲನಾ ಸಭೆಗೆ ನಾನೂ ಹೋಗಿದ್ದೆ. ಅಲ್ಲಿ ಅವರು ಮೊದಲು ತೋರಿಸಿದ್ದು ಉಕ್ಕಿನ ಗೆರೆ. ಊರಿನ ಕಲ್ಲಿನ ಗೆರೆಯನ್ನು ಆಮೇಲೆ ತೋರಿಸಿದರು. ಯಾರೂ ಏನೂ ಕೇಳುವ ಮೊದಲೇ, "ನಾವು ರಬ್ಬರನ್ನ ಅಳದೀವಿ, ಕಲ್ಲು ಅಂತ ತಿಳಕೊಂಡಿದ್ವಿ," ಎಂದರು. ಬೇರೆಯವರ ಹೆಸರು ಎತ್ತಲಿಲ್ಲ. ನಾನು ಕಂಡ ಮೇಲಧಿಕಾರಿಗಳಲ್ಲಿ ಬೇರೆ ಯಾರ ಬಗ್ಗೆಯೂ ಇಷ್ಟು ಬರೆಯುವ ಮನಸ್ಸು ನನಗಿಲ್ಲ.

ಎರಡನೆಯ ಹಂತ ಮಂಜೂರಾಗಲಿಲ್ಲ. ಎರಡು ಸೀಟುಗಳೂ ಹೋದವು. ನಾನು 'ಅಸಿಸ್ಟೆಂಟ್' ಆಗಿಯೇ ಮುಂದುವರಿದು, ಬಹಳ ತಡವಾಗಿ ಅದೇ ಲ್ಯಾಬಿನ ಬೇರೊಂದು ಪ್ರಾಜೆಕ್ಟಿನಲ್ಲಿ ಪಿಎಚ್‌ಡಿಗೆ ಸೇರಿದೆ. ಹಳೆಯ ಬಾವಿಗಳ ಬಾಯಿಗೆ ಹಾಕಿದ ಸಿಮೆಂಟು ಈ ಗ್ಯಾಸಿಗೆ ಎಷ್ಟು ಕಾಲ ತಡೆಯುತ್ತದೆ ಎಂಬುದು ವಿಷಯ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಗ್ಯಾಸನ್ನು ಒಳಗೆ ಕಳಿಸುವುದನ್ನು ಓದಲು ಬಹಳ ಜನ ಬರುತ್ತಾರೆ, ಮುಚ್ಚಳವನ್ನು ಓದಲು ಬರುವವರು ಕಡಿಮೆ. ಸೀಟು ಬೇಕೆನ್ನುವವರು ಆ ಕಡೆಯೂ ವಿಚಾರಿಸಬಹುದು.

ಕೆಲಸದ ರೀತಿ ಬದಲಾಯಿತು. ಕಲ್ಲಿಗೂ ರಬ್ಬರಿಗೂ ನಡುವೆ ತೆಳುವಾದ ಲೋಹದ ಹಾಳೆ ಸುತ್ತತೊಡಗಿದೆವು, ಗ್ಯಾಸ್ ರಬ್ಬರನ್ನು ಮುಟ್ಟಬಾರದೆಂದು. ಅದನ್ನು ಒಂದು ಸುಕ್ಕೂ ಬೀಳದಂತೆ ಸುತ್ತುವುದು ಕಷ್ಟ. ಮಂಜುವಿನ ಕೈಗೆ ಅದು ಬೇಗ ಹತ್ತಿತು. "ಬೀಡಾ ಕಟ್ಟೋದೂ ಇದೂ ಒಂದೇ," ಎನ್ನುತ್ತಿದ್ದ. ಹೊಸ ಕವಚವಾಗಲಿ, ಹೊಸ ಒತ್ತಡವಾಗಲಿ, ಕಲ್ಲಿಗಿಂತ ಮೊದಲು ಉಕ್ಕನ್ನು ಇಡುವುದು ನಿಯಮವಾಯಿತು. ಅವನು ಎಲ್ಲ ಪ್ರಯೋಗಗಳನ್ನೂ ಮೊದಲಿನಿಂದ ಶುರು ಮಾಡಿದ.

ಮನೆಯಲ್ಲಿ ಹೇಳಿದಾಗ ಗೌಡ್ರು ಕೇಳಿದ್ದು ಒಂದೇ ಮಾತಂತೆ. "ಈ ಪಾಯಿಂಟಲ್ಲಿ ನೀರಿಲ್ಲ ಅಂತ ಗೊತ್ತಾಯ್ತು ಅಷ್ಟೇ ತಾನೇ? ಇನ್ನೊಂದ್ ಪಾಯಿಂಟ್ ನೋಡು. ಅದಕ್ಯಾಕ್ಲಾ ಇಷ್ಟು ಮೂತಿ?"

ನಂದಿನಿ ಲೇಔಟಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಶ್ವೇತಾಳ ತಂದೆ ಮಂಟಪವನ್ನೂ ಮುಹೂರ್ತವನ್ನೂ ಬದಲಿಸಲು ಒಪ್ಪಲಿಲ್ಲ, ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲೂ ಒಪ್ಪಲಿಲ್ಲ. "ಹೇಗಿದ್ರೂ ಇವತ್ತಲ್ಲ ನಾಳೆ ಡಾಕ್ಟರ್ ಆಗೋರೇ. ಈಗ್ಲೇ ಹಾಕ್ಕೊಂಡ್ರೆ ಯಾರ್ ಬಂದ್ ಕೇಳ್ತಾರೆ?" ಎಂದರಂತೆ. ಲಗ್ನಪತ್ರಿಕೆಯ ಪ್ರೂಫ್ ಬಂದಾಗ ಮಂಜು ತನ್ನ ಹೆಸರಿಗೆ ಮೊದಲಿದ್ದ 'ಡಾ.' ಹೊಡೆದುಹಾಕಿ ಕಳಿಸಿದ. ಪತ್ರಿಕೆ ಹಾಗೆಯೇ ಅಚ್ಚಾಗಿ ಬಂತು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಆರತಕ್ಷತೆ ಮಾಗಡಿ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಅಂಗಡಿ ಸರ್ ತಮ್ಮ ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ನಾವು ತಲುಪಿದಾಗ ಜನ ಇನ್ನೂ ಬಂದಿರಲಿಲ್ಲ. ಬಾಗಿಲ ಹತ್ತಿರ ಕೆಂಪು ಬಟ್ಟೆಯ ದೊಡ್ಡ ಬೋರ್ಡು, ಅದರ ಮೇಲೆ ಮಿಂಚು ಹಚ್ಚಿದ ಬಿಳಿ ಥರ್ಮೋಕೋಲಿನ ಅಕ್ಷರಗಳು. ಮೇಲಿನ ಸಾಲಿನಲ್ಲಿ 'ಡಾ. ಮಂಜುನಾಥ', ಕೆಳಗಿನ ಸಾಲಿನಲ್ಲಿ 'ಶ್ವೇತಾ'. ಬೋರ್ಡು ಮಾಡಿಸುವುದು ಹೆಣ್ಣಿನ ಕಡೆಯವರ ಪಾಲಿನ ಕೆಲಸ. ಅದರ ಪ್ರೂಫ್ ಯಾರಿಗೂ ಬಂದಿರಲಿಲ್ಲ.

ಬೋರ್ಡಿನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಸೂಟು ಹಾಕಿಕೊಂಡು, ಕೊರಳಲ್ಲಿ ಹಾರ ಹಾಕಿಕೊಂಡು ಮದುಮಗ ನಿಂತಿದ್ದ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದವಳು ಶ್ವೇತಾ, ಅಷ್ಟು ಭಾರದ ಸೀರೆಯಲ್ಲಿ.

"ಬೇಗ ಕೀಳ್ರೀ. ಅಪ್ಪ ಊಟದ ಹಾಲಲ್ಲಿದಾರೆ, ಈಗ ಬಂದ್ಬಿಡ್ತಾರೆ."

"ಗಮ್ಮು ಗಟ್ಟಿ ಹಾಕಿದಾರೆ ಕಣೇ."

"ನಿಧಾನ, ನಿಧಾನ. ಬಟ್ಟೆ ಹರಿಯುತ್ತೆ."

'ಡಾ' ಅಕ್ಷರ ಕಿತ್ತು ಬಂತು. ಅವನು ಇಳಿಯಲು ಹೊರಟ.

"ಚುಕ್ಕಿ ಬಿಟ್ರಲ್ಲ," ಎಂದಳು ಅವಳು.

ಅವನು ಮತ್ತೆ ತಿರುಗಿ ಚುಕ್ಕಿಯನ್ನೂ ಕಿತ್ತ. ಆಗ ನಮ್ಮನ್ನು ನೋಡಿದ. ಕೈಯಲ್ಲಿದ್ದುದನ್ನು ಎಲ್ಲಿಡುವುದೆಂದು ತಿಳಿಯದೆ ಕೋಟಿನ ಒಳಗೆ ತುರುಕಿದ. ಬಿಳಿ ಪುಡಿ ಹಾರದ ಮೇಲೆಲ್ಲ ಉದುರಿತು.

ಅಂಗಡಿ ಸರ್ ನನ್ನ ಕಡೆ ತಿರುಗಿ, "ನಡಿಯವಾ ಒಳಗ. ನಾವು ಇನ್ನಾ ಬಂದಿಲ್ಲ," ಎಂದು ಮುಂದೆ ನಡೆದರು.

ಡಾಕ್ಟರೇಟ್ ಅವನಿಗೆ ಬಂದಾಗ ಅವನ ಮಗಳು ಅಂಬೆಗಾಲಿಡುತ್ತಿದ್ದಳು. ಥೀಸಿಸ್ಸಿನ ಮೊದಲ ಗ್ರಾಫು ಉಕ್ಕಿನದು. ಕಲ್ಲು ಕುಡಿಯುವುದು ಸ್ವಲ್ಪವೇ, ಆದರೆ ಕುಡಿಯುವುದು ಖಂಡಿತ ಎಂದು ಅದರಲ್ಲಿದೆ. ಅವನು ಈಗ ಅದೇ ಲ್ಯಾಬಿನಲ್ಲಿ ಹೊಸಬರನ್ನು ನೋಡಿಕೊಳ್ಳುತ್ತಾನೆ. ಅಂಗಡಿ ಸರ್ ನಿವೃತ್ತರಾಗಿದ್ದಾರೆ. ಅವರದು ನಿಜವಾದ ನಿವೃತ್ತಿ.

ಪಿಎಚ್‌ಡಿ ಸಂದರ್ಶನಗಳ ಕೊನೆಯಲ್ಲಿ, ಇಲ್ಲಾಗಲಿ ಹೊರದೇಶದಲ್ಲಾಗಲಿ, ನಿಮಗೇನಾದರೂ ಕೇಳುವುದಿದೆಯೇ ಎನ್ನುತ್ತಾರೆ. ಹೆಚ್ಚಿನವರು ಫೆಲೋಶಿಪ್ಪಿನ ಬಗ್ಗೆ ಕೇಳುತ್ತಾರೆ. ಅದನ್ನೂ ಕೇಳಿ. ಜೊತೆಗೆ, ನಿಮ್ಮ ಯಂತ್ರದಲ್ಲಿ ಕಲ್ಲೇ ಇಲ್ಲದಿದ್ದಾಗ ಅದು ಏನು ತೋರಿಸುತ್ತದೆ ಎಂದು ಕೇಳಿ. ತಕ್ಷಣ ಉತ್ತರ ಕೊಡುವ ಲ್ಯಾಬು ಒಳ್ಳೆಯದು. ಗೊತ್ತಿಲ್ಲ, ನೋಡುತ್ತೇವೆ ಎನ್ನುವ ಲ್ಯಾಬೂ ಕೆಟ್ಟದ್ದಲ್ಲ.

ನಾನು ಕೀ ಕೊಡಲು ಹೋದ ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗೋಡೆಯ ಮೇಲಿನ ಫೋಟೋ ನೋಡುತ್ತ ನಿಂತಿದ್ದಳು. ಆರತಕ್ಷತೆಯ ಸಂಜೆ ಬೋರ್ಡಿನ ಮುಂದೆ ನಾವೆಲ್ಲ ನಿಂತು ತೆಗೆಸಿಕೊಂಡ ಫೋಟೋ ಅದು. ಬೋರ್ಡಿನ ಮೇಲಿನ ಸಾಲು ಪೂರಾ ಬಲಕ್ಕೆ ವಾಲಿದೆ. ಎಡಗಡೆ ಒಂದು ಅಕ್ಷರದಷ್ಟು ಜಾಗ ಖಾಲಿ ಇದೆ, ಗಮ್ಮಿನ ಕಲೆ ಕಾಣುತ್ತದೆ.

"ಸಾರ್, ಹೆಸರು ಯಾಕೆ ಸೈಡಿಗೆ ಹೋಗ್ಬಿಟ್ಟಿದೆ?" ಎಂದು ಅವಳು ಮಂಜುವನ್ನು ಕೇಳಿದಳು.

ಅವನು ಕಪಾಟಿನಿಂದ ಉಕ್ಕಿನ ಕೋರ್ ತೆಗೆದು ಅವಳ ಕೈಗಿಟ್ಟ. ಹಿಂದಿನ ಪೂಜೆಯ ಕುಂಕುಮ ಅದರ ಅಂಚಿನಲ್ಲಿ ಇನ್ನೂ ಉಳಿದಿತ್ತು.

"ಮೊದ್ಲು ಇದನ್ನ ಹಾಕಮ್ಮ ನಾಗರಭಾವಿ," ಎಂದ. "ಆಮೇಲೆ ಹೇಳ್ತೀನಿ."